ಶಿರಸಿ, ಕಾರವಾರ ಕಡೆಯಿಂದ ಕುಪ್ಪಳಿಗೆ ಹೋಗುವವರಿಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಕುವೆಂಪು ಊರು ಕುಪ್ಪಳಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಹೆಚ್ಚಿನವರ ಉತ್ತರ ಒಂದೇ: ಹೋಗಿದ್ವಿ, ಚೆನ್ನಾಗಿತ್ತು, ಅರ್ಧ ಗಂಟೆ ಇದ್ವಿ. ಯಾಕೆ ಅರ್ಧ ಗಂಟೆ? ಬೆಳಿಗ್ಗೆ ಶೃಂಗೇರಿ, ಮಧ್ಯಾಹ್ನ ಕುಪ್ಪಳಿ, ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ, ಸಾಧ್ಯವಾದರೆ ಬರುವಾಗ ಜೋಗ ಅಂತ ಗಾಡಿಯವನ ಜೊತೆ ಮೊದಲೇ ಮಾತಾಗಿರುತ್ತದೆ. ಆ ಲೆಕ್ಕದಲ್ಲಿ ಹೋದರೆ ಕುವೆಂಪು ಮನೆಯ ಬಾಗಿಲಲ್ಲಿ ಒಂದು ಗ್ರೂಪ್ ಫೋಟೋ ಸಿಗುತ್ತದೆ, ಅಷ್ಟೇ. ಹೋಗುವುದಾದರೆ ಕುಪ್ಪಳಿಗೇ ಅಂತ ಹೋಗಿ, ಅದಕ್ಕೆ ಕನಿಷ್ಠ ಅರ್ಧ ದಿನ ಕೊಡಿ, ಉಳಿದದ್ದನ್ನೆಲ್ಲ ಬಿಡಿ. ಇದನ್ನು ಒಪ್ಪುವವರಿಗೆ ಮಾತ್ರ ಮುಂದಿನದು.

ಹುಟ್ಟಿದ ಮನೆ ಯಾವುದು

ಕುಪ್ಪಳಿಯನ್ನು ಕುವೆಂಪು ಜನ್ಮಸ್ಥಳ ಅಂತ ಎಲ್ಲರೂ ಹೇಳುತ್ತಾರೆ. ಹುಟ್ಟಿದ್ದು ಅಲ್ಲಲ್ಲ. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಿನಲ್ಲಿ. ಅದು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲೂಕು. ಹೆರಿಗೆ, ಬಾಣಂತನ ತವರಲ್ಲಿ ಆಗುವುದು ನಮ್ಮಲ್ಲೂ ಇರುವ ಪದ್ಧತಿ ತಾನೇ. ತಂದೆ ವೆಂಕಟಪ್ಪ ಗೌಡರ ಮನೆ ಇದ್ದದ್ದು ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ. ಬೆಳೆದದ್ದು, ಕಾಡು ಸುತ್ತಿದ್ದು, ಮೊದಲ ಅಕ್ಷರ ಕಲಿತದ್ದು ಎಲ್ಲ ಇಲ್ಲಿ. ಅಕ್ಷರ ಕಲಿಸಲು ಮನೆಗೆ ಬಂದ ಮೇಷ್ಟ್ರು ಘಟ್ಟದ ಕೆಳಗಿನವರು, ದಕ್ಷಿಣ ಕನ್ನಡದವರು. ಕರಾವಳಿಯವರು ಸ್ವಲ್ಪ ಹೆಮ್ಮೆ ಪಡಬಹುದು.

ಹಾಗಾಗಿ ಮ್ಯಾಪಿನಲ್ಲಿ ಹುಡುಕುವಾಗ 'ಕುವೆಂಪು ಜನ್ಮಸ್ಥಳ' ಅಂತ ಹಾಕಬೇಡಿ. 'ಕವಿಮನೆ, ಕುಪ್ಪಳಿ' ಅಂತ ಹಾಕಿ.

ಯಾವಾಗ

ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ನಡುವೆ ಹೋದರೆ ಒಳ್ಳೆಯದು. ಮಳೆ ನಿಂತಿರುತ್ತದೆ, ಹಸಿರು ಇನ್ನೂ ಇರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೋಗಬಾರದು ಅಂತ ನಾನು ಹೇಳುವುದಿಲ್ಲ. ಆ ಮನೆಯ ನಾಲ್ಕೂ ಸೂರಿನ ನೀರು ಒಳ ಅಂಗಳಕ್ಕೆ ಬೀಳುವುದನ್ನು ನೋಡಬೇಕಾದದ್ದು ಮಳೆಯಲ್ಲೇ. ಆದರೆ ಅದು ಆಗುಂಬೆಯ ಪಕ್ಕದ ಊರು. ಮಳೆ ಹಿಡಿದರೆ ಕೊಡೆ ಯಾವ ಲೆಕ್ಕಕ್ಕೂ ಇಲ್ಲ, ಇಂಬಳದ ಕಾಟ ಬೇರೆ. ಮನೆ ಹತ್ತಿರದ ಕವಿಶೈಲ ಗುಡ್ಡ ಹತ್ತುವ ಮನಸ್ಸಿದ್ದರೆ ಉಪ್ಪಿನ ಪೊಟ್ಟಣ ಒಂದು ಇಟ್ಟುಕೊಳ್ಳಿ.

ಜನವರಿಯಿಂದ ಮೇವರೆಗೆ ಹೋಗುವವರು ಮಂಗನ ಕಾಯಿಲೆಯನ್ನು ಮರೆಯಬೇಡಿ. ಸಿದ್ದಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯೂ ಅದೇ ಕಥೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಇದು, ಉಣುಗು ಕಚ್ಚಿ ಬರುತ್ತದೆ. ಒಣ ಎಲೆ ರಾಶಿಯ ಮೇಲೆ ಕುಳಿತುಕೊಳ್ಳಬೇಡಿ, ಮಕ್ಕಳನ್ನು ಪೊದೆಯೊಳಗೆ ಬಿಡಬೇಡಿ, ಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮನೆಗೆ ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ.

ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ. ಅವತ್ತು ಕುಪ್ಪಳಿಯಲ್ಲಿ ಕಾರ್ಯಕ್ರಮ ಇರುತ್ತದೆ, ಕುವೆಂಪು ರಾಷ್ಟ್ರೀಯ ಪುರಸ್ಕಾರ ಕೊಡುತ್ತಾರೆ, ಸಾಹಿತಿಗಳು ಬರುತ್ತಾರೆ. ಭಾಷಣ ಕೇಳಬೇಕು, ನಾಲ್ಕು ಜನ ಸಾಹಿತಿಗಳನ್ನು ನೋಡಬೇಕು ಅನ್ನುವವರಿಗೆ ಅದೇ ದಿನ ಸರಿ. ಮನೆಯನ್ನು ನೋಡಬೇಕು ಅನ್ನುವವರು ಅವತ್ತು ಹೋಗಲೇಬೇಡಿ. ಇನ್ನೊಂದು, ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ರಾಮೇಶ್ವರ ದೇವರ ಜಾತ್ರೆ. ತುಂಗೆಯಲ್ಲಿ ಮೀಯಲು ಜನ ಸೇರುತ್ತಾರೆ, ಪೇಟೆಯಲ್ಲಿ ರೂಮು ಸಿಗುವುದು ಕಷ್ಟ. ಜಾತ್ರೆ ನೋಡುವ ಆಸೆ ಇಲ್ಲದಿದ್ದರೆ ಪಂಚಾಂಗ ನೋಡಿ ಹೊರಡಿ.

ವಾರದ ಮಧ್ಯೆ, ಮಂಗಳವಾರವೋ ಬುಧವಾರವೋ ಹೋದರೆ ಇಡೀ ಮನೆ ನಿಮ್ಮದೇ. ಡಿಸೆಂಬರ್–ಜನವರಿ ಶಾಲಾ ಪ್ರವಾಸದ ಕಾಲ. ಒಂದೇ ಸಲ ಎರಡು ಬಸ್ ಮಕ್ಕಳು ಬಂದಿಳಿದರೆ ಬೇಜಾರು ಮಾಡಿಕೊಳ್ಳದೆ ಮೊದಲು ಗುಡ್ಡಕ್ಕೆ ಹೋಗಿ, ಅವರು ಹೋದ ಮೇಲೆ ಮನೆಗೆ ಬನ್ನಿ.

ದಾರಿ

ಶಿರಸಿಯವರಿಗೆ ಸುಲಭ. ಸಿದ್ದಾಪುರ, ತಾಳಗುಪ್ಪ, ಸಾಗರ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬರಬಹುದು, ಇಲ್ಲವೇ ಆನಂದಪುರ, ರಿಪ್ಪನ್‌ಪೇಟೆ, ಹುಂಚದ ಕಡೆಯಿಂದ ಬರಬಹುದು. ಮೊದಲನೆಯದರಲ್ಲಿ ಕಾಡು ಜಾಸ್ತಿ, ತಿರುವು ಜಾಸ್ತಿ. ವಾಂತಿ ಮಾಡುವ ಮಕ್ಕಳಿದ್ದರೆ ಎರಡನೆಯದು. ಒಟ್ಟು 150 ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ 6ಕ್ಕೆ ಹೊರಟರೆ ಸಾಗರದಲ್ಲಿ ತಿಂಡಿ ತಿಂದು ಹನ್ನೊಂದರ ಒಳಗೆ ಕುಪ್ಪಳಿ ಸೇರಬಹುದು.

ಕಾರವಾರ, ಅಂಕೋಲಾ, ಕುಮಟಾದವರು ಹೊನ್ನಾವರಕ್ಕೆ ಬಂದು ಗೇರುಸೊಪ್ಪೆ ಘಟ್ಟ ಹತ್ತಿ ಸಾಗರ ಸೇರುವುದು ಒಂದು ದಾರಿ. ಕಾರವಾರದಿಂದ ಲೆಕ್ಕ ಹಾಕಿದರೆ ಒಂದು ಕಡೆಗೇ 250 ಕಿಲೋಮೀಟರ್ ದಾಟುತ್ತದೆ. ಒಂದೇ ದಿನದಲ್ಲಿ ಹೋಗಿ ಬರುತ್ತೇನೆ ಅನ್ನುವ ಹಟ ಬೇಡ. ರಾತ್ರಿ ತೀರ್ಥಹಳ್ಳಿಯಲ್ಲಿ ಉಳಿಯಿರಿ.

ಭಟ್ಕಳದವರಿಗೆ ಕುಂದಾಪುರಕ್ಕೆ ಇಳಿದು ಅಲ್ಲಿಂದ ಸಿದ್ದಾಪುರ, ಹೊಸಂಗಡಿ, ಬಾಳೆಬರೆ ಘಾಟಿ, ಮಾಸ್ತಿಕಟ್ಟೆ, ಯಡೂರು ಅಂತ ಬರುವುದೇ ಹತ್ತಿರ. ಇಲ್ಲಿ ಒಂದು ಎಚ್ಚರಿಕೆ: ಈ ಸಿದ್ದಾಪುರ ಕುಂದಾಪುರ ಕಡೆಯ ಸಿದ್ದಾಪುರ, ನಮ್ಮ ಸಿದ್ದಾಪುರ ಅಲ್ಲ. ಮೊಬೈಲಿನಲ್ಲಿ ಬರೀ 'ಸಿದ್ದಾಪುರ' ಅಂತ ಒತ್ತಿದರೆ ಅದು ನಿಮ್ಮನ್ನು ಉತ್ತರಕ್ಕೆ ತಿರುಗಿಸಿ ಘಟ್ಟ ಹತ್ತಿಸಿಬಿಟ್ಟೀತು. ಮಳೆಗಾಲದಲ್ಲಿ ಬಾಳೆಬರೆಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು. ಹೊರಡುವ ಹಿಂದಿನ ದಿನ ಹೊಸಂಗಡಿ ಕಡೆ ಯಾರಾದರೂ ಗುರುತಿನವರಿದ್ದರೆ ಒಂದು ಫೋನ್ ಮಾಡಿ.

ಸ್ವಂತ ಗಾಡಿ ಇಲ್ಲದ ಕರಾವಳಿಯವರು ಕೊಂಕಣ ರೈಲಿನಲ್ಲಿ ಉಡುಪಿಗೆ ಹೋಗಿ, ಅಲ್ಲಿಂದ ಆಗುಂಬೆ ಮೇಲೆ ಶಿವಮೊಗ್ಗಕ್ಕೆ ಹೋಗುವ ಬಸ್ ಹತ್ತಿ ತೀರ್ಥಹಳ್ಳಿಯಲ್ಲಿ ಇಳಿಯಬಹುದು. ಸುತ್ತು ಅನಿಸಿದರೂ ಆರಾಮ. 14 ಹೇರ್‌ಪಿನ್ ತಿರುವಿನ ಆಗುಂಬೆ ಘಾಟಿಯನ್ನು ಬೇರೆಯವರು ಓಡಿಸುವಾಗ ಕಿಟಕಿ ಪಕ್ಕ ಕುಳಿತು ನೋಡುವುದೇ ಒಳ್ಳೆಯದು. ಶಿರಸಿಯ ಬಸ್ ಪ್ರಯಾಣಿಕರು ಸಾಗರದಲ್ಲಿ ಬದಲಾಯಿಸಬೇಕು. ತೀರ್ಥಹಳ್ಳಿಯಿಂದ ಕೊಪ್ಪ ಕಡೆಗೆ ಹೋಗುವ ಬಸ್ ಹತ್ತಿ ಗಡಿಕಲ್ಲಿನಲ್ಲಿ ಇಳಿಯಿರಿ. ಅಲ್ಲಿಂದ ಕುಪ್ಪಳಿ ಹತ್ತಿರ, ನಡೆಯಬಹುದು, ಆಟೋ ಸಿಕ್ಕಿದರೆ ಆಟೋ. ಮಹಿಳೆಯರಿಗೆ ಒಂದು ಮಾತು: ಆ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ, ಅವುಗಳಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ನಡೆಯುವುದಿಲ್ಲ. ಚಿಲ್ಲರೆ ಇಟ್ಟುಕೊಳ್ಳಿ.

ಪೆಟ್ರೋಲ್, ಎಟಿಎಂ, ಊಟ ಎಲ್ಲವನ್ನೂ ತೀರ್ಥಹಳ್ಳಿಯಲ್ಲೇ ಮುಗಿಸಿ. ಕುಪ್ಪಳಿ ಪೇಟೆಯಲ್ಲ, ಕಾಡಿನ ನಡುವಿನ ಒಂದು ಮನೆ.

ಹೊರಡುವ ಮುಂಚೆ

ಇದು ದೇವಸ್ಥಾನ ಅಲ್ಲ, ಹೋಗಿ ಕೈ ಮುಗಿದರೆ ಸಾಕು ಅನ್ನಲು. ಓದದೆ ಹೋದರೆ ಹಳೆ ಪಾತ್ರೆ, ಹಳೆ ಫೋಟೋ, ಹಳೆ ಕನ್ನಡಕ ಅಷ್ಟೇ ಕಾಣುವುದು. ಹಾಗಂತ ಇಡೀ ರಾಮಾಯಣ ದರ್ಶನಂ ಓದಿ ಹೋಗಿ ಅಂದರೆ ನೀವು ಹೋಗುವುದೇ ಇಲ್ಲ, ಗೊತ್ತು. ಆತ್ಮಕಥೆ 'ನೆನಪಿನ ದೋಣಿಯಲ್ಲಿ' ತೆಗೆದುಕೊಂಡು ಬಾಲ್ಯದ ಭಾಗ ಮಾತ್ರ ಓದಿ. ಮನೆ, ಉಪ್ಪರಿಗೆ, ಗುಡ್ಡ, ಆಳುಕಾಳು, ಬೇಟೆ ಎಲ್ಲ ಅದರಲ್ಲಿದೆ.

ಮಕ್ಕಳಿಗೆ ಬೇರೆ ದಾರಿ. ದಿನಾ ಶಾಲೆಯಲ್ಲಿ ಹಾಡುವ ನಾಡಗೀತೆ ಬರೆದವರ ಮನೆಗೆ ಹೋಗುತ್ತಿದ್ದೇವೆ ಅನ್ನಿ, ಕಿವಿ ನಿಮಿರುತ್ತದೆ. ಚಿಕ್ಕವರಾದರೆ ಕಾರಿನಲ್ಲಿ ಕಿಂದರಿಜೋಗಿಯ ಕಥೆ ಹೇಳಿ. ಇಲಿಗಳ ಭಾಗ ಬರುವ ಹೊತ್ತಿಗೆ ಸಾಗರ ದಾಟಿರುತ್ತೀರಿ.

ಮನೆಯ ಒಳಗೆ

ಚಪ್ಪಲಿ ಹೊರಗೆ ಬಿಡಿ. ಟಿಕೆಟ್ ತೆಗೆದುಕೊಳ್ಳುವಾಗಲೇ ಫೋಟೋ ವಿಷಯ ಕೇಳಿಬಿಡಿ, ಬೇಡ ಅಂದರೆ ಬೇಡ. ಬ್ಯಾಗ್ ಹೊರಗಿಡಿ ಅಂದರೆ ವಾದ ಮಾಡಬೇಡಿ. 2015ರ ನವೆಂಬರಿನಲ್ಲಿ ಈ ಮನೆಗೇ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಹೊತ್ತೊಯ್ದರು. ಅದಾದ ಮೇಲೆ ಅಲ್ಲಿನವರು ಎಷ್ಟು ಹುಷಾರಾಗಿದ್ದರೂ ತಪ್ಪಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಗಾಜಿನ ಪೆಟ್ಟಿಗೆಗಳ ಕಡೆ ಓಡಬೇಡಿ. ಮೊದಲು ಒಳ ಅಂಗಳದ ಅಂಚಿನಲ್ಲಿ ನಿಂತುಕೊಳ್ಳಿ. ಮೂರು ಅಂತಸ್ತಿನ ಚೌಕಿ ಮನೆ ಇದು. ನಡುವೆ ಆಕಾಶಕ್ಕೆ ತೆರೆದ ಅಂಗಳ, ತುಳಸಿ ಕಟ್ಟೆ, ಸುತ್ತಲೂ ಜಗಲಿ, ಕೆತ್ತನೆಯ ಮರದ ಕಂಬಗಳು, ಮೇಲೆ ಹೆಂಚು. ಶಿಥಿಲವಾಗಿದ್ದ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಹಳೆಯ ಮಾದರಿಯಲ್ಲೇ ಎತ್ತಿ ನಿಲ್ಲಿಸಿದೆ. ಪ್ರತಿಷ್ಠಾನ ಶುರುವಾದದ್ದು 1992ರಲ್ಲಿ, ಕವಿ ಇನ್ನೂ ಬದುಕಿದ್ದಾಗ.

ನಮ್ಮ ಶಿರಸಿ ಸೀಮೆಯವರು ಇಲ್ಲಿ ಮೂಗು ಮುರಿಯುವುದನ್ನು ಕೇಳಿದ್ದೇನೆ. ಇಂಥ ಮನೆ ನಮ್ಮೂರಲ್ಲಿ ಬೇಕಾದಷ್ಟಿವೆ, ನಮ್ಮ ಅಜ್ಜನ ಮನೆಯ ಕಂಬ ಇದಕ್ಕಿಂತ ದಪ್ಪ ಇತ್ತು, ಇದರಲ್ಲೇನು ವಿಶೇಷ ಅಂತ. ಇರಬಹುದು. ಕಂಬದ ದಪ್ಪ ನೋಡಲು ಯಾರೂ ಅಲ್ಲಿಗೆ ಹೋಗಬೇಕಾಗಿಲ್ಲ. ಆದರೆ ಇಂಥ ಮನೆಯಲ್ಲಿ ಬೆಳೆದ ನಾವು ಆ ಅಂಗಳವನ್ನು ಬೇರೆಯವರಿಗಿಂತ ಚೆನ್ನಾಗಿ ಓದಬಲ್ಲೆವು, ಅಲ್ವಾ? ಅಂಗಳದಲ್ಲೇ ನಿಲ್ಲಬೇಕಾದವರು ಯಾರು, ಜಗಲಿಯವರೆಗೆ ಹತ್ತುವವರು ಯಾರು, ಒಳಬಾಗಿಲು ದಾಟುವವರು ಯಾರು, ಕೂಲಿ ಭತ್ತವನ್ನು ಎಲ್ಲಿ ನಿಂತು ಅಳೆದು ಹಾಕುತ್ತಿದ್ದರು, ಅದನ್ನು ಎಲ್ಲಿ ನಿಂತು ಸೆರಗಿಗೆ ಹಾಕಿಕೊಳ್ಳುತ್ತಿದ್ದರು, ಇದೆಲ್ಲ ಬೆಂಗಳೂರಿನಿಂದ ಬಂದವರಿಗೆ ಯಾರಾದರೂ ಹೇಳಬೇಕು, ನಮಗೆ ಹೇಳಬೇಕಾಗಿಲ್ಲ. ಜಾತಿ, ಮೇಲು–ಕೀಳಿನ ವಿರುದ್ಧ ಕನ್ನಡದಲ್ಲಿ ಅಷ್ಟು ಖಡಕ್ಕಾಗಿ ಬರೆದ ಮನುಷ್ಯ ಇಂಥದ್ದೇ ಜಗಲಿಯ ಮೇಲೆ ಕುಳಿತು, ಗೌಡರ ಮನೆಯ ಹುಡುಗನಾಗಿ, ಅದನ್ನೆಲ್ಲ ನೋಡಿಕೊಂಡು ಬೆಳೆದವರು. ಜಗಲಿಯ ಎತ್ತರವನ್ನು ಒಮ್ಮೆ ಕಣ್ಣಲ್ಲೇ ಅಳೆದು ನೋಡಿ.

ಆಮೇಲೆ ಅಡುಗೆಮನೆ. ದೊಡ್ಡ ಕುಟುಂಬದ ಪಾತ್ರೆ ಪಡಗ, ಕಡೆಯುವ, ಬೀಸುವ, ಕುಟ್ಟುವ ಸಾಮಾನು, ಕೃಷಿಯ ಸಲಕರಣೆ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನು ಕರೆದುಕೊಂಡು ಹೋಗಿ. ಪ್ರತಿಯೊಂದು ಸಾಮಾನಿನ ಉಪಯೋಗ ಅವರೇ ಹೇಳುತ್ತಾರೆ, ಚೀಟಿ ಓದುವ ಕೆಲಸವೇ ಇಲ್ಲ. ಮೇಲಿನ ಅಂತಸ್ತಿಗೆ ಏಣಿಮೆಟ್ಟಿಲು ಕಡಿದು, ಮಂಡಿ ನೋವಿನವರು ಕೆಳಗೇ ಜಗಲಿಯಲ್ಲಿ ಕುಳಿತಿರಲಿ.

ಕುವೆಂಪು ಮದುವೆಯ ಮಂಟಪವನ್ನೂ ಇಲ್ಲಿ ಇಟ್ಟಿದ್ದಾರೆ. 1937ರಲ್ಲಿ ಹೇಮಾವತಿಯವರ ಜೊತೆ ಮದುವೆ. ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮುಂದೆ ಇದೇ ಮನುಷ್ಯ ಪುರೋಹಿತರು, ವರದಕ್ಷಿಣೆ, ಆಡಂಬರ ಯಾವುದೂ ಇಲ್ಲದ ಮಂತ್ರಮಾಂಗಲ್ಯವನ್ನು ರೂಪಿಸಿ, ಮಗ ತೇಜಸ್ವಿಯ ಮದುವೆಯನ್ನು ಹಾಗೇ ಮಾಡಿಸಿದರು. ಈಗಲೂ ಎಷ್ಟೋ ಜೋಡಿಗಳು ಕುಪ್ಪಳಿಗೆ ಬಂದು ಆ ರೀತಿ ಮದುವೆಯಾಗುತ್ತಾರೆ. ನಮ್ಮ ಕಡೆ ಮದುವೆಗೆ ಅಂತ ತೋಟ ಅಡ ಇಡುವವರು ಈಗಲೂ ಇದ್ದಾರೆ, ಅವರನ್ನೂ ಒಮ್ಮೆ ಇಲ್ಲಿಗೆ ಕರೆತರಬೇಕು.

ಮೇಲಿನ ಅಂತಸ್ತುಗಳಲ್ಲಿ ಪುಸ್ತಕಗಳು, ಮೊದಲ ಮುದ್ರಣಗಳು, ಫೋಟೋಗಳು, ಪ್ರಶಸ್ತಿಗಳು, ಬಳಸಿದ ವಸ್ತುಗಳು. ಕನ್ನಡಕ್ಕೆ ಮೊದಲ ಜ್ಞಾನಪೀಠ ಬಂದದ್ದು ಇವರಿಂದ, 'ಶ್ರೀರಾಮಾಯಣ ದರ್ಶನಂ' ಕಾವ್ಯಕ್ಕೆ. ರಾಷ್ಟ್ರಕವಿ ಅಂತ ಕರೆದದ್ದು 1964ರಲ್ಲಿ. ಪ್ರಶಸ್ತಿಗಳನ್ನು ಬೇಗ ನೋಡಿ ಮುಗಿಸಿ, ಫೋಟೋಗಳ ಹತ್ತಿರ ನಿಧಾನ ಮಾಡಿ. ನಡುನಡುವೆ ಕಿಟಕಿಯಿಂದ ಹೊರಗೂ ನೋಡಿ. ಮನೆಯ ಮುಂದೆಯೇ ಕಾಡು ಎದ್ದು ನಿಂತಿದೆ, ಅವರ ಬರಹದಲ್ಲಿ ಅಷ್ಟೊಂದು ಮರ, ಹಕ್ಕಿ, ಮಂಜು ಎಲ್ಲಿಂದ ಬಂತು ಅಂತ ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ.

ಕವಿಶೈಲ

ಮನೆಯಿಂದ ಗುಡ್ಡಕ್ಕೆ ಮೆಟ್ಟಿಲ ದಾರಿ ಇದೆ, ವಾಹನ ಹೋಗುವ ರಸ್ತೆಯೂ ಇದೆ. ವಯಸ್ಸಾದವರು ಗಾಡಿಯಲ್ಲಿ ಹೋಗಲಿ, ಉಳಿದವರು ನಡೆಯಿರಿ. ಮಧ್ಯಾಹ್ನದ ಬಿಸಿಲಲ್ಲಿ ಬೇಡ, ಮೇಲೆ ಬರೀ ಬಂಡೆ, ಕಾಲು ಸುಡುತ್ತದೆ. ನಾಲ್ಕು ಗಂಟೆಯ ಮೇಲೆ ಹತ್ತಿ. ನೀರು ಕೆಳಗಿನಿಂದಲೇ ತೆಗೆದುಕೊಂಡು ಹೋಗಿ, ಖಾಲಿ ಬಾಟಲಿಯನ್ನು ವಾಪಸ್ ತನ್ನಿ.

ಮೇಲೆ ದೊಡ್ಡ ದೊಡ್ಡ ಕಲ್ಲುಗಳನ್ನು ಕಂಬ, ತೊಲೆಗಳ ಹಾಗೆ ನಿಲ್ಲಿಸಿದ ರಚನೆ ಇದೆ. ಕಲಾವಿದ ಕೆ.ಟಿ. ಶಿವಪ್ರಸಾದ್ ಕಲ್ಪನೆ ಅದು. ಕುವೆಂಪು ತೀರಿಕೊಂಡದ್ದು 1994ರ ನವೆಂಬರ್ 11ರಂದು, ಮೈಸೂರಿನಲ್ಲಿ. ಅಂತ್ಯಸಂಸ್ಕಾರ ಆದದ್ದು ಇಲ್ಲಿ, ಸಮಾಧಿ ಕಲ್ಲುಗಳ ನಡುವೆ ಇದೆ. ಅದರ ಮೇಲೆ ಕುಳಿತು, ಮಲಗಿ ಫೋಟೋ ತೆಗೆಸಿಕೊಳ್ಳುವವರು ಇದ್ದೇ ಇರುತ್ತಾರೆ. ಕಂಡರೆ ಹೇಳಿ, ಸಂಕೋಚ ಬೇಡ.

ಅಲ್ಲೇ ಹತ್ತಿರ ಒಂದು ಬಂಡೆ ಇದೆ, ತುಂಬ ಜನ ಅದನ್ನು ನೋಡದೇ ಬರುತ್ತಾರೆ. ಸ್ನೇಹಿತರು, ಗುರುಗಳು ಬಂದಾಗ ಕುವೆಂಪು ಕುಳಿತು ಮಾತಾಡುತ್ತಿದ್ದ ಜಾಗ. ಬಗ್ಗಿ ನೋಡಿದರೆ ಕಲ್ಲಿನಲ್ಲಿ ಅಕ್ಷರಗಳು ಕಾಣುತ್ತವೆ: ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು, ಮೂವರ ಚುಟುಕು ಸಹಿ. ಅವರೇ ಕೈಯಾರೆ ಕೆತ್ತಿಕೊಂಡದ್ದು. ಹೊಸಗನ್ನಡ ಕವಿತೆಗೆ ದಾರಿ ಮಾಡಿಕೊಟ್ಟ ಬಿಎಂಶ್ರೀ, ರಾಮಾಯಣ ದರ್ಶನಂ ಯಾರಿಗೆ ಅರ್ಪಣೆಯಾಯಿತೋ ಆ ಗುರು ವೆಂಕಣ್ಣಯ್ಯ, ಅವರ ಜೊತೆ ಶಿಷ್ಯ. ಮೂವರು ಮೇಷ್ಟ್ರುಗಳು ಗುಡ್ಡದ ಮೇಲೆ ಕುಳಿತು ಕಲ್ಲು ಕುಟ್ಟುತ್ತಿದ್ದ ದೃಶ್ಯ ನೆನೆಸಿಕೊಂಡರೆ ನಗು ಬರುತ್ತದೆ. ಇಳಿಬಿಸಿಲು ಅಡ್ಡ ಬೀಳುವಾಗ ಅಕ್ಷರ ಚೆನ್ನಾಗಿ ಓದಲು ಬರುತ್ತದೆ. ನೀರು ಹಾಕುವುದು, ಸೀಮೆಸುಣ್ಣ ಉಜ್ಜುವುದು ಬೇಡ. ಪಕ್ಕದಲ್ಲಿ ನಿಮ್ಮ ಹೆಸರು ಕೆತ್ತುವುದಂತೂ ಬೇಡವೇ ಬೇಡ, ಅವರು ಕೆತ್ತಿದ್ದರಲ್ಲ ಅನ್ನುವ ವಾದ ನಡೆಯುವುದಿಲ್ಲ.

ಪಶ್ಚಿಮಕ್ಕೆ ಮುಖ ಮಾಡಿ ಕುಳಿತರೆ ಸಾಲು ಸಾಲು ಮಲೆ. ಸೂರ್ಯಾಸ್ತಕ್ಕೆ ಆಗುಂಬೆಗೆ ಓಡುವ ಪ್ಲಾನ್ ಇದ್ದರೆ ಇಲ್ಲೇ ರದ್ದು ಮಾಡಿ, ಅಲ್ಲಿ ರೇಲಿಂಗ್ ಪಕ್ಕ ನೂಕಾಡುವುದಕ್ಕಿಂತ ಇದು ಎಷ್ಟೋ ಮೇಲು. ಯಾರಾದರೂ ಬ್ಲೂಟೂತ್ ಸ್ಪೀಕರ್ ತಂದಿರದಿದ್ದರೆ ನಿಮ್ಮ ಪುಣ್ಯ.

ಸಮಯ ಉಳಿದರೆ

2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕ ಹತ್ತಿರದಲ್ಲೇ ಇದೆ. ಅಪ್ಪನನ್ನು ಓದದ ಹುಡುಗರೂ ಮಗನನ್ನು ಓದಿರುತ್ತಾರೆ, ಅವರನ್ನು ಮೊದಲು ಇಲ್ಲಿಗೇ ಕರೆದುಕೊಂಡು ಬನ್ನಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ಅಧ್ಯಯನ ಕೇಂದ್ರವೂ ಕುಪ್ಪಳಿಯಲ್ಲಿದೆ. ಎಂ.ಎ., ಪಿಎಚ್.ಡಿ. ಮಾಡುತ್ತಿರುವವರಿಗೆ ಉಪಯೋಗ, ಉಳಿದವರು ಹೊರಗಿನಿಂದ ನೋಡಿದರೆ ಸಾಕು.

ರಾತ್ರಿ ಉಳಿದವರಿಗೆ ಮರುದಿನ ಎರಡು ಜಾಗ ಹೇಳುತ್ತೇನೆ. ಒಂದು, ತುಂಗೆಯ ದಡದ ಸಿಬ್ಬಲುಗುಡ್ಡೆ. ಇಲ್ಲಿ ಮೀನು ಹಿಡಿಯುವುದಿಲ್ಲ, ಹಾಗಾಗಿ ದೊಡ್ಡ ದೊಡ್ಡ ಮೀನುಗಳು ಹೆದರಿಕೆಯಿಲ್ಲದೆ ದಡಕ್ಕೆ ಬರುತ್ತವೆ. ನಮ್ಮ ಕರಾವಳಿಯವರು ಅವನ್ನು ನೋಡಿ ಸಾರಿನ ಲೆಕ್ಕ ಹಾಕದೇ ಇರುವುದು ಕಷ್ಟ, ಆದರೂ ಹೋಗಿ. ಇನ್ನೊಂದು ಅಂಬುತೀರ್ಥ. ಹೊನ್ನಾವರದಲ್ಲಿ ಸಮುದ್ರ ಸೇರುವ ನಮ್ಮ ಶರಾವತಿ ಹುಟ್ಟುವುದು ಇದೇ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಹೊನ್ನಾವರದ ಸೇತುವೆ ಮೇಲೆ ಓಡಾಡುವವರು ಒಮ್ಮೆ ನೋಡಲೇಬೇಕು. ಶಿರಸಿಯವರು ವಾಪಸ್ ಬರುವಾಗ ಸಾಗರದ ಪಕ್ಕದ ಇಕ್ಕೇರಿಯಲ್ಲಿ ಅಘೋರೇಶ್ವರ ದೇವಸ್ಥಾನಕ್ಕೆ ಹೊಕ್ಕು ಬರಬಹುದು, ದಾರಿಯಿಂದ ಸ್ವಲ್ಪವೇ ಒಳಗೆ.

ವಾಪಸ್ ಹೊರಡುವ ವಿಷಯ. ಬಸ್ಸಿನವರು ಬೆಳಿಗ್ಗೆ ಗಡಿಕಲ್ಲಿನಲ್ಲಿ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ತೀರ್ಥಹಳ್ಳಿಗೆ ಸಂಜೆಯ ಕೊನೆ ಬಸ್ ಎಷ್ಟಕ್ಕೆ ಅಂತ ಕೇಳಿ ಬರೆದುಕೊಳ್ಳಿ. ಕವಿಶೈಲದಲ್ಲಿ ಸೂರ್ಯಾಸ್ತ ನೋಡಿ ಆಮೇಲೆ ಬಸ್ ಹುಡುಕುತ್ತೇನೆ ಅಂದರೆ ಆಗುವುದಿಲ್ಲ, ಆಟೋದವರ ನಂಬರ್ ಒಂದು ಮೊದಲೇ ಇಟ್ಟುಕೊಂಡಿರಬೇಕು. ಮೊಬೈಲ್ ಸಿಗ್ನಲ್ ನಂಬಿ ಕೂರಬೇಡಿ, ಫೋನ್ ಮಾಡುವುದಿದ್ದರೆ ಗುಡ್ಡದ ಮೇಲಿರುವಾಗಲೇ ಮಾಡಿ, ಕೆಳಗೆ ಮನೆ ಹತ್ತಿರ ಬಂದ ಮೇಲೆ ಸಿಕ್ಕರೆ ಸಿಕ್ಕಿತು. ಸ್ವಂತ ಗಾಡಿಯವರು ಕತ್ತಲಾದ ಮೇಲೆ ಬಾಳೆಬರೆಯಾಗಲಿ ಗೇರುಸೊಪ್ಪೆಯಾಗಲಿ ಇಳಿಯುವ ಸಾಹಸ ಬೇಡ, ಮಂಜು ಕವಿದರೆ ಬಾನೆಟ್ಟೂ ಕಾಣುವುದಿಲ್ಲ. ತೀರ್ಥಹಳ್ಳಿಯಲ್ಲಿ ರೂಮು ಹಿಡಿದು ಬೆಳಿಗ್ಗೆ ತಿಂಡಿ ಮಾಡಿ ಹೊರಡಿ.